ದಿನಕ್ಕೆ ಸಾವಿರ ಸಲ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ನೋಡುವವರನ್ನು ಕೇಳುವವರನ್ನಾಗಿ ಮಾಡುವುದು. ಸ್ವಂತ ಹಾಡು ಕಟ್ಟಿ, ಸ್ವಂತ ದುಡ್ಡಿನಲ್ಲಿ ರೆಕಾರ್ಡು ಮಾಡಿಸಿ, ಹಿಂದೆ ಮುಂದೆ ಯಾವ ಕಂಪನಿಯೂ ಇಲ್ಲದ ಹಾಡುಗಾರರು ಮೊದಲು ವಿಡಿಯೋ ಹಾಕುತ್ತಾರೆ. ವಿಡಿಯೋವನ್ನು ಲಕ್ಷ ಜನ ನೋಡುತ್ತಾರೆ. ಅದೇ ಹಾಡು ಸಂಗೀತದ ಆ್ಯಪ್‌ನಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತದೆ. ಹೆಬ್ಬೆರಳಲ್ಲಿ ಪರದೆ ತಳ್ಳುತ್ತಾ ನೋಡುವವರು ಒಂದು ಜಾತಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣನ್ನು ಬೇರೆ ಕೆಲಸಕ್ಕೆ ಬಿಟ್ಟು, ಬರೀ ಹಾಡನ್ನು ಕೇಳುವವರು ಇನ್ನೊಂದು ಜಾತಿ. ನಡುವೆ ಒಂದು ಹೊಳೆ. ಅದನ್ನು ದಾಟಿಸುವ ಅಂಬಿಗ ನಾನು. ಹೊಳೆ ದಾಟಿದ ಮೇಲೆ ಅಂಬಿಗನ ಗತಿ ಏನೆಂದು ಗಾದೆ ಹೇಳುತ್ತದೆ. ನನ್ನ ದೋಣಿಯಲ್ಲಿ ದಾಟುವವರೇ ಕಡಿಮೆ, ಹಾಗಾಗಿ ಆ ದುಃಖ ನನಗಿಲ್ಲ.

ನನ್ನ ಹೆಂಡತಿ ಈ ಕಸುಬನ್ನು ಆಡಿಕೊಳ್ಳುತ್ತಿದ್ದಳು. ಊರವರನ್ನೆಲ್ಲ ಕೇಳುವ ಹಾಗೆ ಮಾಡ್ತೀನಿ ಅಂತೀರಿ, ನೀವು ಮಾತ್ರ ಯಾರ ಮಾತೂ ಕೇಳಲ್ಲ ಅನ್ನುವುದು ಅವಳ ನಿತ್ಯದ ಮಾತಾಗಿತ್ತು. ನಾನು ಟೈಲರಕ್ಕ ಎಂದು ಕರೆಯುವ ಒಬ್ಬ ಗಿರಾಕಿಯ ವಿಷಯ ಆದ ಮೇಲೆ ಅವಳು ಆ ಮಾತು ಆಡುವುದನ್ನು ಬಿಟ್ಟಿದ್ದಾಳೆ. ಆಡುತ್ತಿದ್ದಾಗ ಸಿಟ್ಟು ಬರುತ್ತಿತ್ತು, ಬಿಟ್ಟದ್ದು ಅದಕ್ಕಿಂತ ಹೆಚ್ಚು ಚುಚ್ಚುತ್ತದೆ.

ನನ್ನ ಆಫೀಸು ಎಂದರೆ ಎರಡನೇ ಮಹಡಿಯ ಒಂದು ಕೋಣೆ. ಪಕ್ಕದಲ್ಲಿ ಹಲ್ಲಿನ ಡಾಕ್ಟರು. ಅವರು ಹಲ್ಲು ಕೊರೆಯುವಾಗ ನಾನು ಯಾರದಾದರೂ ವೀಣೆಯನ್ನೋ ಗಿಟಾರನ್ನೋ ಕೇಳುತ್ತಿರುತ್ತೇನೆ, ಯಾವುದು ಯಾವುದೆಂದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಎರಡು ಪರದೆ, ಒಂದು ಹಳೇ ಕುರ್ಚಿ, ಕಿವಿಯ ಮೆತ್ತೆ ಹರಿದು ಪುಡಿ ಉದುರಿಸುವ ಹೆಡ್‌ಫೋನು. ಬಂದವರು ಕೂರಲು ಒಂದು ಬೆಂಚು. ಹಲ್ಲುನೋವಿನವರು ತಪ್ಪಿ ಒಳಗೆ ಬಂದು ಆ ಬೆಂಚಿನ ಮೇಲೆ ಕೂತು, ದವಡೆ ಹಿಡಿದುಕೊಂಡು ಹಾಡು ಕೇಳಿ ಹೋದದ್ದೂ ಉಂಟು. ನನ್ನ ಗಿರಾಕಿಗಳ ಮುಖವೂ ಅವರಿಗಿಂತ ಬಹಳ ಬೇರೆಯಾಗೇನೂ ಇರುತ್ತಿರಲಿಲ್ಲ.

ಟೈಲರಕ್ಕ ಬಂದಾಗ ಜೊತೆಗೆ ಅವರ ಅಣ್ಣನೂ ಇದ್ದರು. ಅವರು ಮೊಬೈಲ್ ರಿಪೇರಿ ಮಾಡುವವರು, ತೆಳ್ಳಗೆ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡೇ ಓಡಾಡುವ ಮನುಷ್ಯ. ನಾನು ಅವರನ್ನು ರಿಪೇರಿ ಅಣ್ಣ ಅಂತಲೇ ಕರೆಯತೊಡಗಿದೆ. ಅಕ್ಕನ ಅಂಗಡಿ ನಮ್ಮ ಹಿಂದಿನ ಬೀದಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿ. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಪ್ಯಾಂಟು ಮೊಟಕು ಮಾಡುವುದು, ಜಿಪ್ಪು ಬದಲಿಸುವುದು, ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿಯುವುದು ಇಂಥವು. ಹೊಲಿಯುತ್ತಾ ಹಾಡುತ್ತಿದ್ದರು. ಹಾಡುಗಳೆಲ್ಲ ಅವರವೇ. ರಿಪೇರಿ ಅಣ್ಣ ಹ್ಯಾಂಗರಿನ ತಂತಿ ಬಗ್ಗಿಸಿ ಮೊಬೈಲಿಗೊಂದು ನಿಲುಗಡೆ ಮಾಡಿ, ತಂಗಿ ಕಾಲರ್ ಮಗುಚುತ್ತಾ ಹಾಡುವುದನ್ನು ವಿಡಿಯೋ ಮಾಡಿ ಹಾಕಿದ್ದರು. ಒಂಬತ್ತು ಲಕ್ಷ ಜನ ನೋಡಿದ್ದರು.

ಆ ಹಾಡಿನ ಪಲ್ಲವಿ ಹೀಗಿತ್ತು:

ಊರವರ ಅಳತೆಯೆಲ್ಲ ನನ್ನ ಬಾಯಲ್ಲುಂಟು,
ನನ್ನಳತೆ ಕೇಳಿದವರು ಒಬ್ಬರೂ ಇಲ್ಲ.

ದನಿ ದೊಡ್ಡದಲ್ಲ. ಸ್ವಲ್ಪ ಒಣಗಿದ ದನಿ, ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಸಾವಿರಾರು ಹಾಡು ಕೇಳಿ ಕಿವಿ ಜಡ್ಡುಗಟ್ಟಿದ ನಾನು ಮೊದಲ ಸಲ ಕೇಳಿದಾಗ ಕೆಲಸ ನಿಲ್ಲಿಸಿ ಕೇಳಿದೆ. ಇದನ್ನು ಅವರಿಗೆ ಆಗಲೇ ಹೇಳಬೇಕಿತ್ತು. ಗಿರಾಕಿಯನ್ನು ಮೊದಲ ದಿನವೇ ಹೊಗಳಬಾರದು ಅನ್ನುವುದು ನನ್ನ ಕಸುಬಿನ ಜಂಬ, ಹೇಳಲಿಲ್ಲ.

ಒಂದು ಹಾಡನ್ನು ಮಾತ್ರ ಸ್ಟುಡಿಯೋದಲ್ಲಿ ರೆಕಾರ್ಡು ಮಾಡಿಸಿದ್ದರು. ಇನ್ನೂ ಆರು ಹಾಡು ಪುಸ್ತಕದಲ್ಲಿದ್ದವು. ಅಳತೆ ಬರೆದುಕೊಳ್ಳುವ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಹಾಡು ಬರೆದಿದ್ದರು. ಯಾಕೆ ಬಂದದ್ದು ಎಂದು ಕೇಳಿದೆ. ಅವರು ಸೀದಾ ವಿಷಯಕ್ಕೆ ಬಂದರು.

“ಎಂಟು ವಾರ ಬಿಟ್ಟು ನನಗೆ ಆಪರೇಷನ್. ಗಂಟಲ ಹತ್ರ ಗಡ್ಡೆ, ತೆಗೀಲೇಬೇಕಂತೆ. ದನಿಯ ನರ ಅದರ ಪಕ್ಕದಲ್ಲೇ ಹೋಗುತ್ತಂತೆ. ಸಾಮಾನ್ಯವಾಗಿ ಏನೂ ಆಗಲ್ಲ ಅಂದ್ರು ಡಾಕ್ಟರು. ಸಾಮಾನ್ಯವಾಗಿ ಅಂದ್ರೆ ಎಷ್ಟು ಅಂತ ನಾನು ಕೇಳೋಕೆ ಹೋಗ್ಲಿಲ್ಲ.”

ರಿಪೇರಿ ಅಣ್ಣ ನೆಲ ನೋಡುತ್ತಾ ಕೂತಿದ್ದರು. ಅಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದರು.

“ವಿಡಿಯೋ ನೋಡ್ತಾರೆ, ಸರಿ. ಅವರು ನೋಡೋದು ಕಾಲರನ್ನೋ ನನ್ನ ಹಾಡನ್ನೋ ನನಗೆ ಗೊತ್ತಿಲ್ಲ. ನೋಡೋಕೆ ಏನೂ ಇಲ್ಲದಿದ್ರೂ ಕೇಳೋರು ಇದಾರಾ? ಇದಾರೆ ಅಂದ್ರೆ ಉಳಿದ ಆರನ್ನೂ ಆಪರೇಷನ್‌ಗೆ ಮುಂಚೆ ಹಾಡಿಬಿಡ್ತೀನಿ. ಇಲ್ಲ ಅಂದ್ರೆ ಪುಸ್ತಕ ಮುಚ್ಚಿಡ್ತೀನಿ. ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕೋ ಅಭ್ಯಾಸ ನನಗಿಲ್ಲ.”

ಎಷ್ಟಾದರೆ ಇದ್ದಾರೆ ಅಂತ ಅನಿಸುತ್ತದೆ ಎಂದು ನಾನು ಕೇಳಿದೆ. ಅದು ನಿಮ್ಮ ಕಸುಬು, ನೀವೇ ಹೇಳಬೇಕು ಅಂದರು. ನಾನು ಕುರ್ಚಿಗೆ ಒರಗಿ, ದಿನಕ್ಕೆ ಸಾವಿರ ಸಲ ಅಂದೆ. ಸಾವಿರ ಸಲ ಕೇಳಿದ ಹಾಡನ್ನು ಆ್ಯಪ್ ತಾನಾಗಿಯೇ ಹೊಸಬರ ಕಿವಿಗೆ ಒಯ್ಯುತ್ತದೆ ಎಂದು ವಿವರಿಸಿದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಐನೂರು ಅನ್ನಬಹುದಿತ್ತು, ಐವತ್ತು ಅನ್ನಬಹುದಿತ್ತು. ಸಾವಿರ ಅನ್ನುವುದು ಬಾಯಿ ತುಂಬುವ ಮಾತು, ಅಷ್ಟಕ್ಕೇ ಅದು ನನ್ನ ಬಾಯಿಗೆ ಬಂತು.

ಹೊರಡುವಾಗ ರಿಪೇರಿ ಅಣ್ಣ ಬಾಗಿಲಲ್ಲಿ ನಿಂತು, ಒಂದೇ ಮೊಬೈಲಿನಿಂದ ಹತ್ತು ಸಲ ಕೇಳಿದರೆ ಹತ್ತು ಅಂತಲೇ ಲೆಕ್ಕವೇ ಎಂದು ಕೇಳಿದರು. ಹೌದು, ಅರ್ಧ ನಿಮಿಷ ದಾಟಿದರೆ ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ ಅಂದೆ. ನನ್ನ ಕಣ್ಣು ಆಗಲೇ ಪರದೆಯ ಮೇಲಿತ್ತು. ಅವರ ಮುಖ ನೋಡಿದ್ದರೆ ಏನಾದರೂ ಹೊಳೆಯುತ್ತಿತ್ತೋ ಏನೋ.

ಕೆಲಸ ಶುರುಮಾಡಿದೆ. ಮೊದಲು ನಾನು ಮಾಡುವುದು ವಿಡಿಯೋದ ಕೆಳಗೆ ಜನ ಬರೆದ ಮಾತುಗಳನ್ನೆಲ್ಲ ಕೂತು ಓದುವುದು. ಜನ ಯಾಕೆ ಬಂದಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಹಿಂದೆ ಒಬ್ಬ ಡ್ರಮ್ ಬಾರಿಸುವವನ ವಿಡಿಯೋಕ್ಕೆ ಮೂರು ಲಕ್ಷ ಜನ ಬಂದಿದ್ದರು, ಓದಿ ನೋಡಿದರೆ ಅವನ ಹಿಂದೆ ಮಲಗಿದ್ದ ಬೆಕ್ಕನ್ನು ನೋಡಲು. ಅಷ್ಟು ಗಲಾಟೆಯಲ್ಲೂ ಅದು ಏಳಲೇ ಇಲ್ಲವಂತೆ. ಅಕ್ಕನ ವಿಡಿಯೋದ ಕೆಳಗೆ ಎರಡು ಸಾವಿರ ಮಾತುಗಳಿದ್ದವು. ಕಾಲರ್ ಬಿಚ್ಚಲು ಯಾವ ಬ್ಲೇಡು, ದಾರ ಎಷ್ಟನೇ ನಂಬರು, ಯಂತ್ರ ಯಾವ ಕಾಲದ್ದು, ನನ್ನ ಅಜ್ಜಿಯ ಹತ್ತಿರವೂ ಇಂಥದೇ ಇತ್ತು. ಹಾಡಿನ ಬಗ್ಗೆ ಇದ್ದದ್ದು ಮೂವತ್ತೋ ಮೂವತ್ತೈದೋ. ಅದರಲ್ಲೊಬ್ಬರು ಹಾಡು ಸ್ವಲ್ಪ ನಿಲ್ಲಿಸಿದರೆ ಯಂತ್ರದ ಸದ್ದು ಚೆನ್ನಾಗಿ ಕೇಳುತ್ತದೆ ಎಂದು ಬರೆದಿದ್ದರು. ಇದನ್ನೂ ಅಕ್ಕನಿಗೆ ಹೇಳಲಿಲ್ಲ.

ಮೂವತ್ತೈದು ಜನ ಇದ್ದರೆ ಅವರನ್ನೇ ಹಿಡಿಯಬೇಕು. ವಿಡಿಯೋವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಮತ್ತೆ ಹಾಕಿದೆ. ಪ್ರತಿ ತುಂಡನ್ನೂ ಕೊನೆಯ ಸಾಲಿಗೆ ಒಂದು ಸಾಲು ಮುಂಚೆ ಕತ್ತರಿಸಿದೆ, ಉಳಿದದ್ದು ಬೇಕಾದವರು ಹುಡುಕಿಕೊಂಡು ಹೋಗಲಿ ಎಂದು. ಹಾಡಿನ ಹೆಸರನ್ನು ಪರದೆಯ ಮೇಲೆ ದೊಡ್ಡದಾಗಿ ಬರೆಸಿದೆ, ಮೇಲೆಯೇ ಲಿಂಕು ಇಟ್ಟೆ, ಹಾಡನ್ನು ಮೆಚ್ಚಿ ಬರೆದ ಒಬ್ಬೊಬ್ಬರಿಗೂ ಅಕ್ಕನ ಕೈಯಲ್ಲೇ ಉತ್ತರ ಬರೆಸಿದೆ. ಒಂದು ತುಂಡಿನಲ್ಲಿ ಯಂತ್ರವನ್ನೇ ತೋರಿಸಲಿಲ್ಲ, ಬರೀ ಅವರ ಮುಖ, ಕಣ್ಣು ಮುಚ್ಚಿ ಹಾಡುವುದು. ಅದನ್ನು ಲಕ್ಷ ಜನ ನೋಡಲಿಲ್ಲ, ಆರು ಸಾವಿರ ಜನ ನೋಡಿದರು. ಆದರೆ ಹೊಳೆ ದಾಟಿ ಬಂದವರೆಲ್ಲ ಅದರಿಂದಲೇ ಬಂದರು. ಮೊದಲ ವಾರ ದಿನಕ್ಕೆ ಹದಿನೈದು ಸಲ, ಎರಡನೇ ವಾರ ನಲವತ್ತು ಸಲ. ದಿನಾ ಬೆಳಿಗ್ಗೆ ಹಿಂದಿನ ದಿನದ ಸಂಖ್ಯೆಯನ್ನು ಅಕ್ಕನಿಗೆ ಮೆಸೇಜು ಮಾಡುತ್ತಿದ್ದೆ. ಅವರು ಅದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೆಟ್ಟಿಲ ಅಡಿಯ ಗೋಡೆಯ ಮೇಲೆ ಬರೆದಿಡುತ್ತಿದ್ದರು.

ಮೂರನೇ ವಾರದ ಒಂದು ಬೆಳಿಗ್ಗೆ ಪರದೆ ತೆರೆದರೆ ಸಾವಿರದ ಇನ್ನೂರ ಅರವತ್ತು.

ನಾನು ಮೆಸೇಜು ಮಾಡಲಿಲ್ಲ, ಓಡಿಯೇ ಹೋದೆ. ಅಕ್ಕ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರು, ಅದನ್ನು ತೆಗೆದಿಟ್ಟು ಮತ್ತೆ ಹೇಳಿ ಅಂದರು. ಮತ್ತೆ ಹೇಳಿದೆ. ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತುಬಿಟ್ಟರು. ಆಮೇಲೆ ನನ್ನ ಪ್ಯಾಂಟಿನ ತುದಿ ನೆಲ ಗುಡಿಸುತ್ತಿದೆ, ಎಷ್ಟು ದಿನದಿಂದ ನೋಡಿ ನೋಡಿ ಸಾಕಾಗಿದೆ ಎಂದು ಬೈದು, ಅಲ್ಲೇ ಸ್ಟೂಲಿನ ಮೇಲೆ ನಿಲ್ಲಿಸಿ ಪಿನ್ನು ಹಾಕಿದರು. ಪಿನ್ನು ಹಾಕುತ್ತಾ ಹಾಡಿಕೊಳ್ಳುತ್ತಿದ್ದರು. ಪುಸ್ತಕದಲ್ಲಿದ್ದ ಆರರಲ್ಲಿ ಒಂದು, ಬಸ್ಸಿನ ಕಿಟಕಿಯ ಪಕ್ಕ ಸೀಟು ಸಿಕ್ಕ ಹೆಂಗಸಿನ ಹಾಡು. ನಾನು ಅದನ್ನು ಕೇಳಿದ್ದು ಅದೊಂದೇ ಸಲ, ಅರ್ಧ.

ಆಫೀಸಿಗೆ ಬಂದು ಊರು ಊರಿನ ಲೆಕ್ಕ ತೆರೆದೆ. ಆ್ಯಪ್ ಕೇಳುವವರ ಹೆಸರು ಹೇಳುವುದಿಲ್ಲ, ಯಾವ ಊರಿನಲ್ಲಿ ಎಷ್ಟು ಜನ, ಎಷ್ಟು ಸಲ ಅಂತ ಮಾತ್ರ ಹೇಳುತ್ತದೆ. ಸಾವಿರದ ಇನ್ನೂರೂ ನಮ್ಮ ಊರಿನದೇ. ಕೇಳಿದವರು ಒಂಬತ್ತು ಜನ. ಒಬ್ಬೊಬ್ಬರು ದಿನಕ್ಕೆ ನೂರ ಮೂವತ್ತು, ನೂರ ನಲವತ್ತು ಸಲ. ನಾಲ್ಕು ನಿಮಿಷದ ಹಾಡನ್ನು ಅಷ್ಟು ಸಲ ಕೇಳುವ ಮನುಷ್ಯ ಊಟ ಮಾಡಲಾರ, ಸ್ನಾನ ಮಾಡಲಾರ. ಅದು ಗೊತ್ತಾಗಲು ನನ್ನಂಥ ತಜ್ಞ ಬೇಕಾಗಿರಲಿಲ್ಲ. ಆದರೂ ನಾನು ನಾಲ್ಕು ದಿನ ಸುಮ್ಮನೆ ಕಾದೆ. ಸೋಮವಾರದ ಲೆಕ್ಕ ಬಂದಾಗ ನಮ್ಮ ಊರಿನ ಎದುರು ಸೊನ್ನೆ ಇತ್ತು. ಸೋಮವಾರ ಮೊಬೈಲ್ ಅಂಗಡಿಗಳ ಸಾಲಿಗೆ ವಾರದ ರಜೆ.

ಮರುದಿನ ರಿಪೇರಿ ಅಣ್ಣನ ಅಂಗಡಿಗೆ ಹೋದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಜಾಗ. ಬಿಚ್ಚಿದ ಮೊಬೈಲುಗಳು, ಕೂದಲೆಳೆಯಂಥ ತಂತಿಗಳು, ಬೆಸುಗೆಯ ಹೊಗೆಯ ವಾಸನೆ. ಅವರು ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ, ಅದೇ ನನಗೆ ಕಷ್ಟವಾಯಿತು. ಖುಷಿಯಿಂದ ಹಿಂದಿನ ಹಲಗೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಯಾರೂ ವಾಪಸು ಒಯ್ಯದ ಒಂಬತ್ತು ಹಳೇ ಮೊಬೈಲುಗಳು, ಗಾಜು ಸೀಳಿದವು, ಬೆನ್ನಿಲ್ಲದವು, ಒಂದೇ ಸಾಲಿನಲ್ಲಿ ಚಾರ್ಜಿಗೆ ಹಾಕಿದ್ದವು. ಒಂದೊಂದಕ್ಕೂ ಒಂದು ಅಕೌಂಟು ಮಾಡಿದ್ದರು. ಒಂಬತ್ತರಲ್ಲೂ ಅಕ್ಕನ ಹಾಡು ಓಡುತ್ತಿತ್ತು, ಎಂಟು ಮೌನವಾಗಿ, ಒಂದು ಸಣ್ಣ ದನಿಯಲ್ಲಿ.

“ಆ ಒಂದನ್ನ ನಾನು ಕೇಳ್ತಾ ಕೆಲಸ ಮಾಡ್ತೀನಿ,” ಅಂದರು. “ನೀವೇ ಹೇಳಿದ್ರಲ್ಲ, ಪ್ರತಿಯೊಂದೂ ಲೆಕ್ಕ ಅಂತ. ಮೊನ್ನೆ ಅವಳ ಮುಖ ನೋಡಿದ್ರಾ? ಗಡ್ಡೆ ಅಂತ ಗೊತ್ತಾದ್ಮೇಲೆ ಅವಳು ನಕ್ಕಿದ್ದು ಮೊನ್ನೇನೇ.”

ಇದು ತಪ್ಪು, ಆ್ಯಪ್‌ನವರು ಹಿಡಿದರೆ ಹಾಡನ್ನೇ ತೆಗೆದುಹಾಕುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದು ಮಾತ್ರ ಸ್ವಲ್ಪ ಕಡಿಮೆ ಮಾಡಿ ಅಂತ. ಅವರು ತಲೆಯಾಡಿಸಿದರು. ಕಡಿಮೆ ಮಾಡಲಿಲ್ಲ.

ನಾನು ಯಾಕೆ ಸುಮ್ಮನಾದೆ ಎನ್ನುವುದಕ್ಕೆ ಆಗ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು. ಒಣಗಿದ ಕೈಪಂಪಿಗೆ ಮೇಲಿನಿಂದ ಒಂದು ಚೊಂಬು ನೀರು ಸುರಿದರೆ ಆಮೇಲೆ ಅದೇ ನೀರೆತ್ತುತ್ತದಲ್ಲ, ಇದೂ ಹಾಗೆಯೇ. ಸಂಖ್ಯೆ ನೋಡಿ ಆ್ಯಪ್ ಹಾಡನ್ನು ಹೊಸಬರಿಗೆ ತಲುಪಿಸುತ್ತದೆ, ನಿಜವಾದವರು ಬಂದ ಮೇಲೆ ಮೊಬೈಲುಗಳನ್ನು ಒಂದೊಂದಾಗಿ ಆರಿಸಿದರಾಯಿತು. ಈಗ ಯೋಚಿಸಿದರೆ ನಿಜ ಬೇರೆಯೇ. ಹತ್ತು ವರ್ಷದ ನನ್ನ ಕಸುಬಿನಲ್ಲಿ ಸಾವಿರ ದಾಟಿದ ಹಾಡು ಅದೊಂದೇ. ಅದು ಸುಳ್ಳು ಎಂದು ಬಾಯಿಬಿಟ್ಟು ಹೇಳಲು ನನಗೇ ಮನಸ್ಸಿರಲಿಲ್ಲ.

ಆ ವಾರವೇ ಅಕ್ಕ ಪುಸ್ತಕ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸ್ಟುಡಿಯೋದವರ ಹತ್ತಿರ ಮಾತಾಡಿದ್ದಾರೆ, ಬರುವ ವಾರ ಮೂರು ದಿನ ಖಾಲಿ ಇದೆಯಂತೆ, ಆರನ್ನೂ ಹಾಡಿ ಮುಗಿಸುತ್ತೇನೆ ಅಂದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಅಲ್ವಾ ಎಂದು ನನ್ನನ್ನೇ ಕೇಳಿದರು. ನನಗೆ ಸುಳ್ಳು ಲೆಕ್ಕ ನಂಬಿಸಿ ಹಾಡಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ, ಲೆಕ್ಕ ಸುಳ್ಳು ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಎರಡರ ನಡುವೆ ಹೇಡಿಗಳಿಗೆಂದೇ ಒಂದು ಮಾತಿದೆ, ಅದನ್ನು ಹೇಳಿದೆ. ಸ್ವಲ್ಪ ಕಾಯೋಣ.

ಕಾಯುವುದಕ್ಕೆ ಕಾರಣವನ್ನೂ ಕಸುಬಿನ ಚೀಲದಿಂದಲೇ ತೆಗೆದೆ. ಜನ ಹಾಡನ್ನು ಯಾವ ಸೆಕೆಂಡಿನಲ್ಲಿ ಬಿಡುತ್ತಾರೆ, ಎಲ್ಲಿ ಮತ್ತೆ ಹಿಂದಕ್ಕೆ ಹೋಗಿ ಕೇಳುತ್ತಾರೆ ಎಂದು ಮೊದಲು ನೋಡಬೇಕು, ಅದನ್ನು ನೋಡಿಕೊಂಡು ಉಳಿದ ಹಾಡುಗಳ ತಾಳ, ವಾದ್ಯ ಎಲ್ಲ ಕೂಡಿಸಿದರೆ ಇನ್ನೂ ಚೆನ್ನಾಗಿರುತ್ತದೆ ಅಂದೆ. ಒಂದು ಹಾಡು ಮೇಲೇರುತ್ತಿರುವಾಗ ಅವಸರ ಬೇಡ, ನಾಲ್ಕೇ ವಾರ ಅಂದೆ. ಇದೆಲ್ಲ ನಾನು ಬೇರೆಯವರಿಗೆ ಕೊಡುವ ನಿಜವಾದ ಸಲಹೆಯೇ, ಹಾಗಾಗಿ ಮುಖದಲ್ಲಿ ಸುಳ್ಳಿನ ಗುರುತು ಕಾಣಲಿಲ್ಲ. ಅಕ್ಕ ಪುಸ್ತಕದ ಅಂಚನ್ನು ಬೆರಳಿನಲ್ಲಿ ನೀವಿದರು.

“ಆಪರೇಷನ್‌ಗೆ ಮುಂಚೆ ಆಗುತ್ತೆ ತಾನೆ?”

ಆಗುತ್ತದೆ ಅಂದೆ. ಅವರು ಸ್ಟುಡಿಯೋದವರಿಗೆ ನನ್ನ ಎದುರಿಗೇ ಫೋನು ಮಾಡಿ, ಮೂರು ದಿನವನ್ನು ಬೇರೆಯವರಿಗೆ ಕೊಡಿ ಎಂದು ಹೇಳಿದರು. ಹೊಲಿಗೆಯವರು ಹೊಲಿಗೆಯವರ ಮಾತು ಕೇಳುವ ಹಾಗೆ, ಕಸುಬು ಬಲ್ಲವನ ಮಾತು ಎಂದು ಕೇಳಿದರು.

ದಿನಾ ಬೆಳಿಗ್ಗೆ ಸಂಖ್ಯೆ ಕಳಿಸುತ್ತಾ ಹೋದೆ. ಸಾವಿರದ ಇನ್ನೂರು, ಸಾವಿರದ ಮುನ್ನೂರು. ಸೋಮವಾರಗಳ ಸಂಖ್ಯೆಯನ್ನು ಮಾತ್ರ ಕಳಿಸುತ್ತಿರಲಿಲ್ಲ, ಆ್ಯಪ್‌ನವರು ಆ ದಿನ ಲೆಕ್ಕ ತಡಮಾಡುತ್ತಾರೆ ಎಂದು ಹೇಳಿದ್ದೆ. ಒಂದು ಸುಳ್ಳಿಗೆ ಕಾವಲು ಕಾಯಲು ಇನ್ನೆಷ್ಟು ಸುಳ್ಳು ಬೇಕು ಎಂದು ಆಗ ಗೊತ್ತಾಯಿತು. ಕೈಪಂಪಿನಿಂದ ನೀರು ಬರಲಿಲ್ಲ. ನಿಜವಾಗಿ ಕೇಳುವವರು ಎಷ್ಟಿದ್ದರೋ ಅಷ್ಟೇ ಇದ್ದರು, ದೂರದೂರದ ಊರುಗಳಲ್ಲಿ ಒಬ್ಬರು, ಇಬ್ಬರು. ಒಂಬತ್ತು ಮುರುಕು ಮೊಬೈಲುಗಳ ಎದುರು ಅವರ ಸಂಖ್ಯೆ ನನಗೆ ಅವಮಾನದ ಹಾಗೆ ಕಾಣುತ್ತಿತ್ತು. ಆ ಸಾಲನ್ನು ನೋಡದೆ ಪರದೆಯನ್ನು ಕೆಳಗೆ ತಳ್ಳುತ್ತಿದ್ದೆ.

ಏಳನೇ ವಾರ ಆ್ಯಪ್‌ನವರ ಪತ್ರ ಬಂತು. ಈ ಹಾಡಿಗೆ ಬಂದ ಕೇಳುಗರು ಸಹಜವಲ್ಲವೆಂದು ಕಂಡುಬಂದಿದೆ, ಹಾಡನ್ನು ತೆಗೆದುಹಾಕಲಾಗಿದೆ, ಒಂದು ವರ್ಷ ಈ ಹೆಸರಿನಲ್ಲಿ ಬೇರೆ ಹಾಡು ಹಾಕುವಂತಿಲ್ಲ. ನಾಲ್ಕು ಸಾಲು, ಕೆಳಗೆ ಯಾರ ಸಹಿಯೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ್ಯಪ್‌ನಲ್ಲಿ ಹುಡುಕಿದರೆ ಹಾಡಿನ ಹೆಸರು ಬೂದಿಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆಪರೇಷನ್ನಿಗೆ ಇನ್ನು ಎಂಟು ದಿನವಿತ್ತು.

ಮಧ್ಯಾಹ್ನ ಅಂಗಡಿಗೆ ಹೋದೆ. ರಿಪೇರಿ ಅಣ್ಣನನ್ನೂ ಬರಹೇಳಿದ್ದೆ. ಪತ್ರವನ್ನು ಓದಿ ಹೇಳಿದೆ. ನಾನು ಬೇರೇನೂ ಹೇಳುವ ಮೊದಲೇ ಅವರು ಕನ್ನಡಕದ ಮೇಲಿನ ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾನೇ ಮಾಡಿದ್ದು ಅಂದರು. ಒಂಬತ್ತು ಮೊಬೈಲು, ಅಕೌಂಟು, ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟು, ಎಲ್ಲವನ್ನೂ ಹೇಳಿದರು. ನಿಂತೇ ಹೇಳಿದರು. ನನಗೂ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಒಳ್ಳೆಯತನವನ್ನು ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಾಗಲಿಲ್ಲ. ಒಂದು ತಿಂಗಳಿಂದ ನನಗೂ ಗೊತ್ತಿತ್ತು ಅಕ್ಕ ಅಂದೆ.

ಅಕ್ಕ ಅಣ್ಣನನ್ನು ಬೈಯಲಿಲ್ಲ. ಊಟ ಆಯ್ತಾ ಎಂದು ಕೇಳಿದರು, ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಣ್ಣ ಮಾಡಿದ್ದು ಪ್ರೀತಿಗೆ. ನೀವು ಸುಮ್ಮನಿದ್ದದ್ದು ಯಾಕೆ?”

ಕೈಪಂಪಿನ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಗೊತ್ತಿಲ್ಲ ಅಂದೆ. ಯಂತ್ರದ ಮೇಲೆ ಯಾರದೋ ಶಾಲೆಯ ಮಗುವಿನ ಅಂಗಿ, ಅರ್ಧ ಹಾಕಿದ ಗುಂಡಿ.

“ಹಾಗಾದ್ರೆ ಅಣ್ಣನ ಮೊಬೈಲು ಬಿಟ್ಟು, ನಿಜವಾಗ್ಲೂ ಕೇಳ್ದೋರು ಯಾರಾದ್ರೂ ಇದ್ರಾ?”

ಎದೆಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಆ ಹೊತ್ತಿಗೆ ನನಗೆ ಸರಿಯಾದ ಸಂಖ್ಯೆ ಗೊತ್ತಿರಲಿಲ್ಲ. ಇದ್ದಾರೆ ಎಂದು ಗೊತ್ತಿತ್ತು. ಆದರೆ ಸಾವಿರ ಎಂದು ಬಾಯಿ ತುಂಬ ಹೇಳಿದವನು ಈಗ ಮೂವತ್ತೋ ನಲವತ್ತೋ ಎಂದು ಹೇಗೆ ಹೇಳುವುದು? ನಾಚಿಕೆಯಾಯಿತು. ಅವರಿಗೆ ನೋವಾಗುತ್ತದೆ ಎಂದುಕೊಂಡೆ, ನೋವಾಗುತ್ತಿದ್ದದ್ದು ನನಗೆ.

“ಹೇಳ್ಕೊಳ್ಳೋ ಅಷ್ಟು ಏನಿಲ್ಲ ಅಕ್ಕ.”

“ಸರಿ ಬಿಡಿ. ಅಳತೆ ಸಿಕ್ತು,” ಅಂದರು. ಪುಸ್ತಕವನ್ನು ತೆಗೆದು, ಅಳತೆಯ ಬದಿ ಮೇಲೆ ಬರುವ ಹಾಗೆ ತಿರುಗಿಸಿ ಮೇಜಿನ ಮೇಲಿಟ್ಟು, ಅಂಗಿಯ ಗುಂಡಿಗೆ ದಾರ ಪೋಣಿಸಿದರು. ಎಂಟು ದಿನವಿತ್ತು. ಸ್ಟುಡಿಯೋ ಹತ್ತು ನಿಮಿಷದ ದಾರಿ. ಹಾಡಿ ಎಂದು ನಾನೂ ಹೇಳಲಿಲ್ಲ, ಅವರಣ್ಣನೂ ಹೇಳಲಿಲ್ಲ.

ಆಪರೇಷನ್ ಆಯಿತು. ಗಡ್ಡೆ ನರಕ್ಕೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ನರಕ್ಕೆ ಪೆಟ್ಟಾಯಿತಂತೆ. ಇದನ್ನು ರಿಪೇರಿ ಅಣ್ಣ ಫೋನಿನಲ್ಲಿ ಹೇಳಿದರು. ಜೀವಕ್ಕೇನೂ ತೊಂದರೆ ಇಲ್ಲ, ಮಾತು ಇದೆ, ಆದರೆ ಗಾಳಿಯ ಹಾಗೆ ಬರುತ್ತದೆ, ಹಾಡು ಇನ್ನು ಆಗುವುದಿಲ್ಲ ಅಂದಿದ್ದಾರೆ ಎಂದರು. ಅಷ್ಟು ಹೇಳಿ ಫೋನು ಇಡದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಆ ಕಡೆ ಅವರ ಅಂಗಡಿಯ ಗಿರಾಕಿಗಳ ದನಿ ಕೇಳುತ್ತಿತ್ತು. ನಾನು ನೋಡಲು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ನಿಜವಾಗಿ ಕೇಳಿದವರು ಎಷ್ಟು ಜನ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಅದನ್ನಾದರೂ ಎಣಿಸಿ ಅಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳೆಯ ಲೆಕ್ಕಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಇಳಿಸಿಟ್ಟಿದ್ದವು. ಎರಡು ದಿನ ಕೂತು, ನಮ್ಮ ಊರಿನ ಒಂಬತ್ತನ್ನು ತೆಗೆದು, ಉಳಿದದ್ದನ್ನು ಊರು ಊರಾಗಿ, ದಿನ ದಿನವಾಗಿ ಬಿಡಿಸಿದೆ.

ನಲವತ್ತೊಂದು ಜನ. ಹತ್ತೊಂಬತ್ತು ಊರು. ನಲವತ್ತೊಂದೂ ಜನ ವಿಡಿಯೋದಿಂದ ದಾಟಿ ಬಂದವರು, ಹಾಡನ್ನು ಕೊನೆಯವರೆಗೆ ಕೇಳಿದವರು, ಕೇಳಿ ಮತ್ತೆ ಬಂದವರು. ಒಂದು ಊರಿನಲ್ಲಿ ಒಬ್ಬರೇ ಇದ್ದರೆ ಆ ಊರಿನ ಲೆಕ್ಕವೇ ಆ ಒಬ್ಬರ ಲೆಕ್ಕ. ಅಂಥ ಊರುಗಳಿಂದ ಕೆಲವರ ಬದುಕು ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ಒಬ್ಬರು ಐದು ವಾರ ಒಂದು ದಿನವೂ ತಪ್ಪದೆ ದಿನಕ್ಕೊಂದು ಸಲ ಕೇಳಿದ್ದರು. ಇನ್ನೊಬ್ಬರು ಭಾನುವಾರ ಮಾತ್ರ, ನಾಲ್ಕೈದು ಸಲ. ಇನ್ನೊಂದು ಊರಿನವರು ಇಪ್ಪತ್ತು ದಿನ ಕೇಳಿ, ಒಂದು ವಾರ ಬಿಟ್ಟು, ಮತ್ತೆ ಶುರುಮಾಡಿದ್ದರು. ಹಾಡು ಬೂದಿಬಣ್ಣಕ್ಕೆ ತಿರುಗಿದ ದಿನ ಇವರೆಲ್ಲ ಏನೆಂದುಕೊಂಡರೋ. ಅವರಿಗೆ ಕಾರಣ ಹೇಳಲು ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ. ವಿಡಿಯೋ ಮಾತ್ರ ಹಾಗೇ ಇತ್ತು. ಕಾಲರ್ ನೋಡುವವರು ಹನ್ನೊಂದು ಲಕ್ಷ ದಾಟಿದ್ದರು.

ಆ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ, ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಅಕ್ಕನ ಅಂಗಡಿಗೆ ಹೋದೆ. ಕುತ್ತಿಗೆಗೆ ಒಂದು ತೆಳು ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ, ಸ್ಟೂಲು ತೋರಿಸಿದರು. ನಾನು ಕೂರಲಿಲ್ಲ. ಅವತ್ತು ನೀವು ಕೇಳಿದ್ದಕ್ಕೆ ಉತ್ತರ ತಂದಿದ್ದೇನೆ, ಆಗಲೇ ಹೇಳಬೇಕಿತ್ತು ಎಂದು ಹಾಳೆ ಕೊಟ್ಟೆ. ಅವರು ಕತ್ತರಿ ಕೆಳಗಿಟ್ಟು, ಊರುಗಳ ಹೆಸರನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಪಕ್ಕದಲ್ಲಿ ಬರೆದ ಜನರ ಸಂಖ್ಯೆಯನ್ನು ತಾವೇ ಕೂಡಿಸಿ ನೋಡಿದರು. ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಕೊನೆಗೆ ತಲೆಯೆತ್ತಿ ಏನೋ ಅಂದರು. ನನಗೆ ಕೇಳಿಸಲಿಲ್ಲ. ಬಗ್ಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

“ನಲವತ್ತೊಂದು ಜನ ಈ ಅಂಗಡೀಲಿ ಹಿಡಿಸಲ್ಲ,” ಅಂದರು. “ಬೀದಿವರೆಗೂ ನಿಲ್ತಾರೆ. ಅಷ್ಟು ಜನ ನಿಂತಿದ್ರೆ ನಾನು ಹಾಡ್ತಿರ್ಲಿಲ್ವಾ?”

ಅತ್ತುಬಿಟ್ಟೆ. ನಾನು ಅಳುವ ಗಂಡಸಲ್ಲ, ಅತ್ತು ಪಾಪ ಕಳೆದುಕೊಳ್ಳುವ ಆಸೆಯೂ ಇರಲಿಲ್ಲ, ಆದರೂ ಅಳು ಬಂತು. ಅಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಯಂತ್ರದ ಡ್ರಾಯರಿಗೆ, ದಾರ ಸುತ್ತಿದ ಬಾಬಿನ್ನುಗಳ ಪಕ್ಕಕ್ಕೆ ಹಾಕಿದರು. ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಹೋಗಿ ಎಂದೂ ಹೇಳಲಿಲ್ಲ.

ಅಷ್ಟರಲ್ಲಿ ಒಬ್ಬರು ಗಿರಾಕಿ ಪ್ಯಾಂಟು ಹಿಡಿದುಕೊಂಡು ಬಂದರು. ಎರಡು ಅಂಗುಲ ಮೊಟಕು ಮಾಡಬೇಕು, ಯಾವಾಗ ಕೊಡ್ತೀರಿ ಎಂದು ಕೇಳಿದರು. ಅಕ್ಕ ಹೇಳಿದರು. ಹೊರಗೆ ಲಾರಿಯೊಂದು ಹೋಗುತ್ತಿತ್ತು. ಗಿರಾಕಿ ಕೈಯನ್ನು ಕಿವಿಗಿಟ್ಟುಕೊಂಡು, ಏನಂದ್ರಿ ಅಂದರು. ಅಕ್ಕ ಕುತ್ತಿಗೆಯ ನರ ಉಬ್ಬುವಷ್ಟು ಶ್ರಮಪಟ್ಟು ಇನ್ನೊಂದು ಸಲ ಹೇಳಿದರು. ಗಿರಾಕಿ ಮತ್ತೆ ಏನು ಅಂದರು, ಸ್ವಲ್ಪ ಬೇಸರದಿಂದ. ಅಕ್ಕ ನನ್ನ ಮುಖ ನೋಡಿದರು.

ನಾನು ಕಣ್ಣೊರೆಸಿಕೊಂಡು, ಮತ್ತೆ ಬಗ್ಗಿ ಅವರ ಮಾತು ಕೇಳಿ, ಗಟ್ಟಿಯಾಗಿ ಹೇಳಿದೆ: “ಗುರುವಾರ ಸಂಜೆ ಬರಬೇಕಂತೆ.”